ಸಂಬಳವಿಲ್ಲದ ನೌಕರಿ: ಒಬ್ಬ ಫ್ರೀಲಾನ್ಸ್ ಬರಹಗಾರನ ಎರಡು ವರ್ಷದ ಲೆಕ್ಕ

ಹೆಸರು ಬೇಡ, ಊರೂ ಬೇಡ, ಲೆಕ್ಕ ಬೇಕಾದರೆ ಪೂರ್ತಿ ಹಾಕಿ ಎಂದಿದ್ದಾನೆ. ಹಾಗಾಗಿ ಇಲ್ಲಿ ಅವನು ಬರೀ ‘ಅವನು’. ಮಲೆನಾಡಿನ ಒಂದು ತಾಲ್ಲೂಕಿನ ಹುಡುಗ. ಕನ್ನಡ ಎಂ.ಎ. ಮಾಡಿ ಮೂರು ವರ್ಷ ಸರ್ಕಾರಿ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದ. ಗೌರವಧನ ಯಾವಾಗ ಬರುತ್ತದೆ, ಸೆಮಿಸ್ಟರ್ ಮುಗಿದ ಮೇಲೆ ಮತ್ತೆ ಕರೆಯುತ್ತಾರಾ ಇಲ್ವಾ ಎಂಬ ಗೋಳು ಆ ಕೆಲಸ ಮಾಡಿದವರಿಗೆಲ್ಲ ಗೊತ್ತು. 2021ರಲ್ಲಿ ಬಿಟ್ಟ. ಮನೆಯಲ್ಲೇ ಕೂತು ಬರೆಯಲು ಶುರು ಮಾಡಿದ. ಅನುವಾದ, ಕರಡು ತಿದ್ದುವುದು, ಪತ್ರಿಕೆಗೆ ಲೇಖನ, ಹೀಗೆ ಸಿಕ್ಕಿದ್ದೆಲ್ಲ.

ನನಗೆ ಫೋನ್ ಮಾಡಿದ್ದು 2024ರ ಮಾರ್ಚ್ ಕೊನೆಯಲ್ಲಿ. ನಾನು ಇದೇ ಕಸುಬಿನಲ್ಲಿ ಇಪ್ಪತ್ತು ವರ್ಷ ಕಳೆದವಳು, ಮೈಸೂರಿನಲ್ಲಿದ್ದೇನೆ. ಒಂದು ಪುಸ್ತಕದ ಕರಡು ತಿದ್ದುವಾಗ ಪರಿಚಯ ಆದವನು.

“ಅಕ್ಕಾ, ಇನ್ನು ಮೇಲೆ ಮಷಿನ್ನೇ ಅನುವಾದ ಮಾಡ್ತದಂತೆ. ನಾನು ಬರೀ ತಿದ್ದಿ ಕೊಡಬೇಕಂತೆ. ರೇಟು ಮೊದಲಿನದರಲ್ಲಿ ನೂರಕ್ಕೆ ನಲವತ್ತು. ಎಂತ ಮಾಡೂದು?”

“ಹಳೇದು ಎಷ್ಟು ಬರ್ಬೇಕು ಅವ್ರಿಂದ?”

ಸ್ವಲ್ಪ ಹೊತ್ತು ಸುಮ್ಮನಿದ್ದ. “ಅರವತ್ತೋ ಎಪ್ಪತ್ತೋ ಸಾವಿರ ಇರಬೇಕು.”

ತನಗೆ ಬರಬೇಕಾದ ದುಡ್ಡು ಎಷ್ಟು ಅಂತ ಅವನಿಗೇ ಗೊತ್ತಿರಲಿಲ್ಲ. ಮಷಿನ್ ವಿಷಯ ಆಮೇಲೆ ನೋಡೋಣ, ಮೊದಲು ಪಾಸ್‌ಬುಕ್ ತೆಗಿ ಎಂದೆ.

ಪಾಸ್‌ಬುಕ್ ಹೇಳಿದ್ದು

ಎರಡು ಭಾನುವಾರ ವಿಡಿಯೊ ಕಾಲ್‌ನಲ್ಲಿ ಕೂತೆವು. ಅವನ ಬಳಿ ಲೆಕ್ಕದ ಪುಸ್ತಕ ಇರಲಿಲ್ಲ. ಬಿಲ್‌ಗಳು ಇಮೇಲ್‌ನಲ್ಲಿ ಚೆಲ್ಲಿದ್ದವು. ಒಂದೊಂದನ್ನೇ ಹುಡುಕಿ ಒಂದು ಹಾಳೆಗೆ ಇಳಿಸಿದೆವು. 2023ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗೆ ಅವನು ಮಾಡಿದ ಬಿಲ್ ಒಟ್ಟು 4,12,000 ರೂಪಾಯಿ. ಅದರಲ್ಲಿ ಬೆಂಗಳೂರಿನ ಒಂದೇ ಅನುವಾದ ಏಜೆನ್ಸಿಯದು 3,48,000. ಉಳಿದದ್ದು ಚಿಲ್ಲರೆ: ಒಂದು ಪುಸ್ತಕದ ಅನುವಾದ 30,000, ಕರಡು ತಿದ್ದಿದ್ದು 14,000, ಪತ್ರಿಕೆ ಲೇಖನಗಳು 14,000, ಆಕಾಶವಾಣಿ ಮತ್ತು ಇತರೆ 6,000.

ಅಂದರೆ ನೂರು ರೂಪಾಯಿಯಲ್ಲಿ ಎಂಬತ್ನಾಲ್ಕು ಒಂದೇ ಮನೆಯಿಂದ. ಅವನು ತನ್ನನ್ನು ಸ್ವತಂತ್ರ ಬರಹಗಾರ ಎಂದುಕೊಂಡಿದ್ದ. ನಿಜ ಹೇಳಬೇಕೆಂದರೆ ಅವನೊಬ್ಬ ನೌಕರ. ಪಿಎಫ್ ಇಲ್ಲ, ರಜೆ ಇಲ್ಲ, ಬೋನಸ್ ಇಲ್ಲ, ತೆಗೆದುಹಾಕಲು ನೋಟಿಸ್ ಕೂಡ ಬೇಕಿಲ್ಲ. ಒಂದು ಇಮೇಲ್ ಸಾಕು, ಅದು ಬಂದಿತ್ತು.

ಆ ಏಜೆನ್ಸಿ ಡಿಸೆಂಬರ್‌ವರೆಗಿನ 2,80,000 ಕೊಟ್ಟಿತ್ತು. ಜನವರಿಯ 37,000, ಫೆಬ್ರವರಿಯ 31,000 ಬಾಕಿ. ‘ಇರಬೇಕು’ ಎಂದಿದ್ದು 68,000 ಎಂದು ಖಚಿತವಾಯಿತು. ಮಾರ್ಚ್‌ನಲ್ಲಿ ಅವನು ಕೆಲಸ ತೆಗೆದುಕೊಂಡಿರಲಿಲ್ಲ.

ಇನ್ನೊಂದು ಹುಳುಕು ಸಿಕ್ಕಿತು. ಏಜೆನ್ಸಿ ಪ್ರತಿ ಬಿಲ್‌ನಲ್ಲೂ ನೂರಕ್ಕೆ ಹತ್ತು ಟಿಡಿಎಸ್, ಅಂದರೆ ಮುಂಚಿತವಾಗಿ ಮುರಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ, ಹಿಡಿದುಕೊಂಡೇ ಕೊಡುತ್ತಿತ್ತು. ಅವನು ಅದನ್ನು ‘ಕಟ್ಟಿಂಗ್’ ಎಂದುಕೊಂಡು ಮರೆತಿದ್ದ. ಆದಾಯ ತೆರಿಗೆ ರಿಟರ್ನ್ ಸಲ್ಲಿಸಿರಲೇ ಇಲ್ಲ.

“ತೆರಿಗೆ ಕಟ್ಟೋವಷ್ಟು ಆದಾಯ ನನಗೆಲ್ಲಿದೆ ಅಕ್ಕಾ?”

“ಅದಕ್ಕೇ ಸಲ್ಲಿಸ್ಬೇಕು ಕಣೋ. ಕಟ್ಟಿದ್ದನ್ನ ವಾಪಸ್ ಕೇಳೋಕೆ.”

ಆ ವರ್ಷದ್ದಕ್ಕೆ ಇನ್ನೂ ಸಮಯ ಇತ್ತು, 2024ರ ಜುಲೈ 31 ಕೊನೆ ದಿನ. ಅದರ ಹಿಂದಿನ ವರ್ಷದ್ದು ಕೈತಪ್ಪಿತ್ತು. ತಡವಾಗಿ ಸಲ್ಲಿಸುವ ಅವಕಾಶವೂ 2023ರ ಡಿಸೆಂಬರ್ 31ಕ್ಕೆ ಮುಗಿದಿತ್ತು. ಆಮೇಲೆ ಹಾಕಬಹುದಾದ ‘ಅಪ್‌ಡೇಟೆಡ್ ರಿಟರ್ನ್’ ಅಂತ ಒಂದಿದೆ. ಅದು ಹೆಚ್ಚು ತೆರಿಗೆ ಕಟ್ಟುವವರಿಗೆ ಮಾತ್ರ, ರಿಫಂಡ್ ಕೇಳುವವರಿಗಲ್ಲ. 21,000 ರೂಪಾಯಿ ಹಾಗೆ ಸಿಕ್ಕಿಹಾಕಿಕೊಂಡಿತು. ವಿಳಂಬ ಮನ್ನಿಸಿ ಎಂದು ಇಲಾಖೆಗೆ ಅರ್ಜಿ ಹಾಕುವ ದಾರಿಯೊಂದೇ ಉಳಿಯಿತು.

ಪದ ಎಣಿಸುವ ಕತೆ

ಈಗ ಬಹಳ ಜನ ಗಮನಿಸದ ಒಂದು ಸಂಗತಿ. ಅವನ ರೇಟು ಪದಕ್ಕೆ 1 ರೂಪಾಯಿ 20 ಪೈಸೆ. ಕೇಳಲು ಪರವಾಗಿಲ್ಲ. ಆದರೆ ಯಾವ ಪದಕ್ಕೆ? ಅವನು ಬರೆದ ಕನ್ನಡ ಪದಕ್ಕೆ.

ಇಂಗ್ಲಿಷಿನಲ್ಲಿ ‘ಇನ್ ದ ಹೌಸ್’ ಮೂರು ಪದ. ನಮಗೆ ‘ಮನೆಯಲ್ಲಿ’ ಒಂದೇ. ‘ಇಫ್ ಯು ಹ್ಯಾವ್ ನಾಟ್ ಪೇಡ್’ ಐದು ಪದ, ನಾವು ‘ಕಟ್ಟದಿದ್ದರೆ’ ಎಂದು ಮುಗಿಸುತ್ತೇವೆ. ವಿಭಕ್ತಿ, ಕಾಲ, ನಿಷೇಧ ಎಲ್ಲವನ್ನೂ ಒಂದೇ ಪದದ ಬಾಲಕ್ಕೆ ಕಟ್ಟುವ ಭಾಷೆ ನಮ್ಮದು. ಕನ್ನಡ ಚೆನ್ನಾಗಿ ಬಂದಷ್ಟೂ ಪದ ಕಡಿಮೆ, ಬಿಲ್ಲೂ ಕಡಿಮೆ! ಕೆಟ್ಟದಾಗಿ, ‘ಮಾಡಲ್ಪಟ್ಟಿರುವುದು ಆಗಿರುತ್ತದೆ’ ಎಂದು ಎಳೆದವನಿಗೆ ಜಾಸ್ತಿ ದುಡ್ಡು.

ಅವನ ಕೊನೆಯ ಹತ್ತು ಫೈಲ್ ತೆಗೆದು ಎಣಿಸಿದೆವು. ಸಾವಿರ ಇಂಗ್ಲಿಷ್ ಪದಕ್ಕೆ ಸರಾಸರಿ 720 ಕನ್ನಡ ಪದ ಬಂದಿತ್ತು. ಅವನ ಬರಹದ ಲೆಕ್ಕ ಅದು, ಬೇರೆಯವರದ್ದು ಸ್ವಲ್ಪ ಆಚೆ ಈಚೆ ಇದ್ದೀತು. ಆ ವರ್ಷ ಏಜೆನ್ಸಿಗೆ ಬರೆದದ್ದು 2,90,000 ಕನ್ನಡ ಪದ. ಇಂಗ್ಲಿಷಿನಲ್ಲಿ ಅದು 4 ಲಕ್ಷ ದಾಟುತ್ತದೆ. ಮೂಲದ ಪದ ಎಣಿಸಿ ಇದೇ ರೇಟು ಕೊಟ್ಟಿದ್ದರೆ ಬಿಲ್ಲು ಸುಮಾರು 4,83,000 ಆಗುತ್ತಿತ್ತು. 1,35,000 ರೂಪಾಯಿ ವ್ಯತ್ಯಾಸ, ಒಂದೇ ವರ್ಷದಲ್ಲಿ. ಅವನನ್ನು ಯಾರೂ ಮೋಸ ಮಾಡಿರಲಿಲ್ಲ. ಮೊದಲ ದಿನ ಅವನು ಕೇಳಿರಲಿಲ್ಲ, ಅಷ್ಟೇ.

ಆಮೇಲೆ ಮೂರು ವಾರ ಒಂದು ಕೆಲಸ ಹೇಳಿದೆ. ಯಾವುದಕ್ಕೆ ಕೂತರೂ ಶುರು ಮಾಡಿದ ಹೊತ್ತು, ಎದ್ದ ಹೊತ್ತು ಬರೆದಿಡು. ಇಮೇಲ್‌ಗೆ ಉತ್ತರ ಕೊಟ್ಟದ್ದೂ ಸೇರಿ. ಹಳೆ ಕೆಲಸಗಳಿಗೆ ನೆನಪಿನಿಂದ ಅಂದಾಜು ಹಾಕಿದ. ಗಂಟೆಗೆ ಬಂದದ್ದು ಹೀಗಿತ್ತು. ಅನುವಾದಕ್ಕೆ 264 ರೂಪಾಯಿ. ಕರಡು ತಿದ್ದುವುದಕ್ಕೆ 180. ಪತ್ರಿಕೆ ಲೇಖನಕ್ಕೆ 125. ಅವನು ತುಂಬ ಹೆಮ್ಮೆಪಡುವ ಪುಸ್ತಕದ ಅನುವಾದಕ್ಕೆ ಬರೀ 75, ಅದರಲ್ಲೂ ಅರ್ಧ ದುಡ್ಡು ಇನ್ನೂ ಬಂದಿರಲಿಲ್ಲ.

ಮಷಿನ್ ಅನುವಾದ ತಿದ್ದುವ ಎರಡು ಫೈಲನ್ನು ಪ್ರಯೋಗಕ್ಕೆ ಅಂತ ಮಾಡಿ ನೋಡಿದ. ಬ್ಯಾಂಕಿನ ಪಠ್ಯ. ‘ಬಡ್ಡಿ ದರ’ ಇರಬೇಕಾದಲ್ಲಿ ‘ಆಸಕ್ತಿ ದರ’ ಇತ್ತು. ಚಾಲ್ತಿ ಖಾತೆ ‘ಪ್ರಸ್ತುತ ಖಾತೆ’ಯಾಗಿತ್ತು. ಒಂದು ಸಾಲಿನಲ್ಲಿ ಗ್ರಾಹಕನಿಗೆ ‘ನೀವು’, ಮುಂದಿನ ಸಾಲಿನಲ್ಲಿ ‘ನೀನು’. ಇಂಥವು ಕಣ್ಣಿಗೆ ಹೊಡೆಯುತ್ತವೆ, ಬೇಗ ತಿದ್ದಬಹುದು. ಕಷ್ಟ ಇರುವುದು ನೋಡಲು ಸರಿಯಾಗಿ ಕಾಣುವ ಸಾಲುಗಳಲ್ಲಿ. ಓದಿದರೆ ಸರಾಗ, ಮೂಲದ ಜೊತೆ ಇಟ್ಟರೆ ಒಂದು ‘ಇಲ್ಲ’ ಕಾಣೆಯಾಗಿರುತ್ತದೆ. ಹಾಗಾಗಿ ಪ್ರತಿ ಸಾಲನ್ನೂ ಮೂಲದ ಜೊತೆ ಓದಲೇಬೇಕು. ಗಂಟೆಗೆ 350 ಪದ ಆಯಿತು. ಹೊಸ ರೇಟು ಪದಕ್ಕೆ 48 ಪೈಸೆ. ಗಂಟೆಗೆ 168 ರೂಪಾಯಿ.

ಅವನು ಏಜೆನ್ಸಿಗೆ ಬರೆದ: ತಿದ್ದಿ ಕೊಡುತ್ತೇನೆ, ಪದದ ಲೆಕ್ಕ ಬೇಡ, ಗಂಟೆಗೆ 300 ಕೊಡಿ. ಅವರು ಆಗುವುದಿಲ್ಲ ಎಂದರು. ಇವನೂ ಬಿಟ್ಟ. ಬೇರೆ ಕೆಲಸ ಸಿಗುವ ತನಕ ಅದನ್ನೇ ಮಾಡ್ತಾ ಇರು ಎಂದು ನಾನು ಹೇಳಿದ್ದೆ. “ಅದನ್ನ ಮಾಡ್ತಾ ಕೂತ್ರೆ ಬೇರೆ ಕೆಲಸ ಹುಡುಕೂದು ಯಾವಾಗ?” ಎಂದು ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಂದು ವಿಷಯ ಮುಚ್ಚಿಟ್ಟರೆ ಈ ಕತೆ ಸುಳ್ಳಾಗುತ್ತದೆ. ಅವನಿಗೆ ಬಾಡಿಗೆ ಮನೆ ಇಲ್ಲ. ಅಪ್ಪನ ಹೆಸರಲ್ಲಿ ಒಂದೂವರೆ ಎಕರೆ ಅಡಿಕೆ ತೋಟ ಇದೆ. ಊಟಕ್ಕೆ ತೊಂದರೆ ಇಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಿಕೊಂಡು, ಮಕ್ಕಳ ಫೀಸು ಕಟ್ಟಿಕೊಂಡು ಇರುವವರು ಹಾಗೆ ಎದ್ದು ಬರಲು ಆಗುವುದಿಲ್ಲ. ಆಗಬೇಕು ಅಂತಲೂ ನಾನು ಹೇಳುವುದಿಲ್ಲ.

ಬಾಕಿ ವಸೂಲಿ

68,000ಕ್ಕೆ ಅವನು ಪ್ರಾಜೆಕ್ಟ್ ಮ್ಯಾನೇಜರ್‌ಗೆ ವಾಟ್ಸ್ಆ್ಯಪ್ ಮಾಡುತ್ತಲೇ ಇದ್ದ. ಎರಡು ನೀಲಿ ಗೆರೆ ಬರುತ್ತಿತ್ತು, ದುಡ್ಡು ಬರುತ್ತಿರಲಿಲ್ಲ.

ಸಣ್ಣ ಉದ್ದಿಮೆಗಳಿಗೆ ದುಡ್ಡು ತಡ ಮಾಡಬಾರದು ಎಂದು 2006ರ ಎಂಎಸ್‌ಎಂಇ ಕಾಯ್ದೆ ಇದೆ. ಬರಹದ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸೇವೆ ಕೊಡುವ ಒಬ್ಬಂಟಿ ಕೂಡ ಆಧಾರ್, ಪ್ಯಾನ್ ಇಟ್ಟುಕೊಂಡು ಉದ್ಯಮ್ ಪೋರ್ಟಲ್‌ನಲ್ಲಿ ಬಿಟ್ಟಿಯಾಗಿ ನೋಂದಾಯಿಸಬಹುದು. ಅವನು ಏಪ್ರಿಲ್‌ನಲ್ಲಿ ಮಾಡಿಸಿದ. ಆದರೆ ಕೆಲಸ ಕೊಟ್ಟ ಮೇಲೆ ನೋಂದಣಿ ಮಾಡಿಸಿದರೆ ಹಳೆಯ ಬಿಲ್‌ಗೆ ಆ ರಕ್ಷಣೆ ಸಿಗುವುದು ಕಷ್ಟ. ಈ ವಿಷಯ ನನಗೂ ತಡವಾಗಿಯೇ ಗೊತ್ತಾದದ್ದು. ಮುಂದಿನ ಬಿಲ್‌ಗಳಿಗೆ ಇರಲಿ ಎಂದು ಬಿಟ್ಟೆವು.

ಕೆಲಸಕ್ಕೆ ಬಂದದ್ದು ಫಾರ್ಮ್ 26ಎಎಸ್. ನಮ್ಮ ಹೆಸರಿನಲ್ಲಿ ಯಾರು ಎಷ್ಟು ಟಿಡಿಎಸ್ ಕಟ್ಟಿದ್ದಾರೆ ಎಂದು ತೆರಿಗೆ ಇಲಾಖೆ ಇಟ್ಟಿರುವ ಪಟ್ಟಿ ಅದು. ಕಂಪನಿಗಳು ಟಿಡಿಎಸ್ ಹಿಡಿಯುವುದು ದುಡ್ಡು ಕೊಡುವಾಗ ಮಾತ್ರ ಅಲ್ಲ. ಬಿಲ್ಲನ್ನು ತಮ್ಮ ಖಾತೆಪುಸ್ತಕದಲ್ಲಿ ಜಮಾ ಮಾಡಿದಾಗಲೇ ಹಿಡಿಯಬೇಕು, ಯಾವುದು ಮೊದಲೋ ಅದು. ಜನವರಿಯಿಂದ ಮಾರ್ಚ್‌ವರೆಗಿನ ವಿವರವನ್ನು ಅವರು ಮೇ 31ರೊಳಗೆ ಇಲಾಖೆಗೆ ಕೊಡಬೇಕು. ಜೂನ್‌ನಲ್ಲಿ ಆದಾಯ ತೆರಿಗೆ ಪೋರ್ಟಲ್ ತೆರೆದು ನೋಡಿದ. ಜನವರಿಯ 37,000, ಫೆಬ್ರವರಿಯ 31,000, ಎರಡೂ ಅಲ್ಲಿದ್ದವು! ಎರಡಕ್ಕೂ ತೆರಿಗೆ ಕಟ್ಟಿದ್ದರು. ಅಂದರೆ ಈ ಬಿಲ್ ನಮ್ಮದೇ ಎಂದು ಕಂಪನಿ ಸರ್ಕಾರದ ಎದುರು ಒಪ್ಪಿಕೊಂಡಂತೆ.

ಈ ಸಲ ಮ್ಯಾನೇಜರ್‌ಗೆ ಬರೆಯಲಿಲ್ಲ. ನೇರ ಅಕೌಂಟ್ಸ್ ವಿಭಾಗಕ್ಕೆ ನಾಲ್ಕು ಸಾಲಿನ ಇಮೇಲ್. 26ಎಎಸ್ ಪುಟ ಲಗತ್ತಿಸಿ, ನನ್ನ ಹೆಸರಿನಲ್ಲಿ ತೆರಿಗೆ ಕಟ್ಟಿದ್ದೀರಿ, ನನಗೆ ಕೊಡಬೇಕಾದದ್ದು ಮಾತ್ರ ಉಳಿದಿದೆ, ಯಾವ ತಾರೀಕಿಗೆ ಹಾಕುತ್ತೀರಿ ತಿಳಿಸಿ ಎಂದು. ಬೈಗುಳ ಇಲ್ಲ, ಬೇಡಿಕೊಳ್ಳುವುದೂ ಇಲ್ಲ. ಜುಲೈನಲ್ಲಿ ಜನವರಿಯ 33,300 ಬಂತು. ಫೆಬ್ರವರಿಯದು ಅಕ್ಟೋಬರ್‌ವರೆಗೆ ಎಳೆದು, ‘ಗುಣಮಟ್ಟದ ಕಡಿತ’ ಎಂದು 6,000 ಮುರಿದು 21,900 ಕೊಟ್ಟರು. ಎಂಟು ತಿಂಗಳಾದ ಮೇಲೆ ಎಂಥ ಗುಣಮಟ್ಟ? ನಾನಾಗಿದ್ದರೆ ಬಿಡುತ್ತಿರಲಿಲ್ಲ. ಅವನು ಬಿಟ್ಟ. ಅಷ್ಟೊತ್ತಿಗೆ ಅವನ ತಲೆ ಬೇರೆ ಕೆಲಸದಲ್ಲಿತ್ತು.

ಅರ್ಧ ಉಳಿದಿದ್ದ ಪುಸ್ತಕದ 15,000 ಬೇಗ ಬಂತು, ಸಣ್ಣ ಪ್ರಕಾಶಕರು, ಪಾಪದವರು. ಅಲ್ಲಿ ತಕರಾರು ಇದ್ದದ್ದು ಹಕ್ಕಿನದು. ‘ಎಲ್ಲ ಹಕ್ಕೂ ನಮ್ಮವು’ ಎಂದು ಒಂದು ಇಮೇಲ್‌ನಲ್ಲಿ ಬರೆದಿದ್ದರು. ಅನುವಾದಕ್ಕೂ ಅನುವಾದಕನದೇ ಹಕ್ಕಿರುತ್ತದೆ. ಅದನ್ನು ವರ್ಗಾಯಿಸಬೇಕೆಂದರೆ ಅವನ ಸಹಿ ಇರುವ ಪತ್ರ ಬೇಕು. ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷಕ್ಕೆ ಎಂದೇ ಅರ್ಥ. ಇದನ್ನು ಹೇಳಿದಾಗ ಪ್ರಕಾಶಕರು ಜಗಳ ಮಾಡಲಿಲ್ಲ, ಒಂದು ಪುಟದ ಒಪ್ಪಂದಕ್ಕೆ ಸಹಿ ಆಯಿತು, ಆಡಿಯೊ ಹಕ್ಕು ಇವನ ಬಳಿ ಉಳಿಯಿತು. ಅದರಿಂದ ದುಡ್ಡು ಇನ್ನೂ ಬಂದಿಲ್ಲ. ಇರಲಿ.

ಸಾಲದ ಕಾಗದ

2024ರ ಏಪ್ರಿಲ್‌ನಿಂದ ಜುಲೈವರೆಗೆ ನಾಲ್ಕು ತಿಂಗಳಲ್ಲಿ ಅವನು ಮಾಡಿದ ಬಿಲ್ ಒಟ್ಟು 61,000. ಅಮ್ಮನ ಬಳೆ ಸೊಸೈಟಿಯಲ್ಲಿಟ್ಟು 50,000 ತಂದ. ಮಳೆಗಾಲ ಬೇರೆ. ಕರೆಂಟು ಹೋದರೆ ಎರಡು ದಿನ ಬರುವುದಿಲ್ಲ. ಆಗ ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಕೂತು ಕೆಲಸ ಕಳಿಸುತ್ತಿದ್ದ.

ಈ ನಾಲ್ಕು ತಿಂಗಳಲ್ಲಿ ನಾನು ಕೊಟ್ಟ ಸಲಹೆ ಎರಡು, ಎರಡೂ ತಪ್ಪಾದವು. ಒಂದು, ಲಿಂಕ್ಡ್‌ಇನ್‌ನಲ್ಲಿ ದಿನಾ ಏನಾದರೂ ಬರೆ ಎಂದೆ. ಬರೆದ. ನನ್ನಂಥವರು ಲೈಕ್ ಒತ್ತಿದೆವು. ಇನ್ನೊಂದು, ಗಂಟೆಗೆ 125 ರೂಪಾಯಿಯ ಪತ್ರಿಕೆ ಲೇಖನ ನಿಲ್ಲಿಸು ಎಂದೆ. ಅವನು ಕೇಳಲಿಲ್ಲ. ಔಷಧಿ ಚೀಟಿಯ ಭಾಷೆ ಹಳ್ಳಿಯವರಿಗೆ ಯಾಕೆ ಅರ್ಥವಾಗುವುದಿಲ್ಲ ಎಂದು ಒಂದು ಪುರವಣಿಗೆ ಬರೆದ. ಅದನ್ನು ಓದಿದ ಆಸ್ಪತ್ರೆಯವರೊಬ್ಬರು ಪತ್ರಿಕೆಯಿಂದ ನಂಬರ್ ಪಡೆದು ಫೋನ್ ಮಾಡಿದರು. ಸಕ್ಕರೆ ಕಾಯಿಲೆ, ಡಯಾಲಿಸಿಸ್ ಬಗ್ಗೆ ರೋಗಿಗಳಿಗೆ ಕೊಡುವ ಕೈಪಿಡಿಗಳ ಕೆಲಸ. ಮುಂದೆ ಆ ವರ್ಷ ಅಲ್ಲಿಂದ 88,000 ಬಂತು. ಗಂಟೆಯ ಲೆಕ್ಕದಲ್ಲಿ ಇದು ಕಾಣುವುದೇ ಇಲ್ಲ ನೋಡಿ.

ದೊಡ್ಡ ತಿರುವು ಬಂದದ್ದು ಅವನು ಓದುತ್ತಿದ್ದ ಒಣ ಕಾಗದದಿಂದ. ಬ್ಯಾಂಕ್ ಪಠ್ಯ ಅನುವಾದ ಮಾಡುವಾಗ ಪದ ಹುಡುಕಲು ರಿಸರ್ವ್ ಬ್ಯಾಂಕಿನ ಸುತ್ತೋಲೆ ಓದುವ ಚಾಳಿ ಇತ್ತು. 2024ರ ಏಪ್ರಿಲ್ 15ರಂದು ಒಂದು ಸುತ್ತೋಲೆ ಬಂತು. ಅಕ್ಟೋಬರ್ 1ರಿಂದ ಜನಸಾಮಾನ್ಯರಿಗೆ, ಸಣ್ಣ ಉದ್ದಿಮೆಗಳಿಗೆ ಕೊಡುವ ಅವಧಿ ಸಾಲಗಳಿಗೆಲ್ಲ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಕೊಡಬೇಕು. ಸಾಲದ ನಿಜವಾದ ವಾರ್ಷಿಕ ಖರ್ಚು ಎಷ್ಟು, ಯಾವ ಯಾವ ಶುಲ್ಕ ಇದೆ ಎಂಬ ಪಟ್ಟಿ ಅದು. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು.

“ಅಕ್ಕಾ, ಇದು ಎಲ್ಲರಿಗೂ ಬೇಕಾಗ್ತದೆ. ಅಕ್ಟೋಬರ್ ಒಳಗೆ.”

ಸೊಸೈಟಿಯಲ್ಲಿ ಬಳೆ ಇಟ್ಟಾಗ ಕೊಟ್ಟ ಕಾಗದ ಅವನ ಮುಂದೆಯೇ ಇತ್ತಂತೆ. ಅದರ ಕನ್ನಡ ಅವನಿಗೇ ಅರ್ಥ ಆಗಿರಲಿಲ್ಲ. ಅಂಥದೇ ಒಂದು ಮಾದರಿ ಕಾಗದ ತೆಗೆದುಕೊಂಡ. ಎಡಗಡೆ ಚಾಲ್ತಿಯಲ್ಲಿರುವ ಕನ್ನಡ, ಬಲಗಡೆ ತಾನು ಬರೆದದ್ದು. ‘ಪೂರ್ವಪಾವತಿ ದಂಡನೀಯ ಶುಲ್ಕ’ ಇದ್ದಲ್ಲಿ ‘ಅವಧಿಗೆ ಮೊದಲೇ ಸಾಲ ತೀರಿಸಿದರೆ ಕಟ್ಟಬೇಕಾದ ಹಣ’. ಒಂದೇ ಪುಟ. ತನ್ನ ಬಗ್ಗೆ ಮೂರೇ ಸಾಲು. ಸಾಲ ಕೊಡುವ ಸಂಸ್ಥೆಗಳ ನಲವತ್ತು ಜನರಿಗೆ ಕಳಿಸಿದ, ಮಾರ್ಕೆಟಿಂಗ್‌ನವರಿಗಲ್ಲ, ನಿಯಮ ಪಾಲನೆ ನೋಡಿಕೊಳ್ಳುವ ಕಂಪ್ಲಯನ್ಸ್ ಅಧಿಕಾರಿಗಳಿಗೆ. ಆ ಗಡುವು ಕುತ್ತಿಗೆಗೆ ಬಂದಿದ್ದದ್ದು ಅವರಿಗೇ ಅಲ್ವಾ. ಆರು ಜನ ಉತ್ತರ ಕೊಟ್ಟರು. ಇಬ್ಬರು ಕೆಲಸ ಕೊಟ್ಟರು.

ಈ ಸಲ ಷರತ್ತು ಮೊದಲೇ ಬರೆದ. ಎಣಿಕೆ ಇಂಗ್ಲಿಷ್ ಪದದ್ದು. ಪದಕ್ಕೆ 2 ರೂಪಾಯಿ 50 ಪೈಸೆ. ಅರ್ಧ ಮುಂಗಡ. ತಿದ್ದುಪಡಿ ಎರಡು ಸುತ್ತು, ಮೂರನೆಯದಕ್ಕೆ ಗಂಟೆ ಲೆಕ್ಕ. ಉಳಿದ ದುಡ್ಡು 15 ದಿನದಲ್ಲಿ. ಬಿಲ್ಲಿನ ಮೇಲೆ ಉದ್ಯಮ್ ನಂಬರ್. ಒಬ್ಬ ಗಿರಾಕಿ ರೇಟು ಇಳಿಸಲು ಎಳೆದಾಡಿದ, ಮುಂಗಡಕ್ಕೆ ಒಪ್ಪಿದ. ಇನ್ನೊಬ್ಬ ರೇಟಿಗೆ ತಕ್ಷಣ ಒಪ್ಪಿದ, ಮುಂಗಡ ಆಗಲ್ಲ ಎಂದ. ಉದ್ಯಮ್ ನಂಬರ್ ಬಗ್ಗೆ ಮಾತ್ರ ಇಬ್ಬರ ಅಕೌಂಟ್ಸ್‌ನವರೂ ಮೊದಲ ಇಮೇಲ್‌ನಲ್ಲೇ ಕೇಳಿದ್ದರು. ನೋಂದಾಯಿತ ಸಣ್ಣವರ ಬಿಲ್ ಗಡುವು ಮೀರಿ ವರ್ಷದ ಕೊನೆಗೂ ಬಾಕಿ ಉಳಿಸಿಕೊಂಡರೆ ಆ ಖರ್ಚನ್ನು ಆ ವರ್ಷದ ಲಾಭದಲ್ಲಿ ಕಳೆಯುವಂತಿಲ್ಲ ಎಂದು ಆದಾಯ ತೆರಿಗೆ ನಿಯಮ ಆಗಷ್ಟೇ ಬಿಗಿಯಾಗಿತ್ತು. ಜಿಎಸ್‌ಟಿ ನಂಬರ್ ಕೂಡ ಕೇಳಿದರು. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟದಿದ್ದರೆ ಬೇಕಿಲ್ಲ ಎಂದು ಒಂದು ಸಾಲಿನಲ್ಲಿ ಉತ್ತರಿಸಿದ, ಅಲ್ಲಿಗೆ ಮುಗಿಯಿತು.

2025ರ ಮಾರ್ಚ್‌ಗೆ ಮತ್ತೆ ಲೆಕ್ಕ ಹಾಕಿದೆವು. ವರ್ಷದ ಬಿಲ್ 5,46,000. ಸಾಲ ಕೊಡುವ ಮೊದಲ ಸಂಸ್ಥೆಯದು 2,04,000, ಎರಡನೆಯದು 96,000, ಆಸ್ಪತ್ರೆಯದು 88,000, ರೈತರ ತರಬೇತಿ ವಿಡಿಯೊಗಳ ಸ್ಕ್ರಿಪ್ಟ್ 72,000. ಉಳಿದದ್ದು ಕರಡು, ಲೇಖನ, ಸಣ್ಣಪುಟ್ಟ ಕೆಲಸ. ಟಿಡಿಎಸ್ ರಿಫಂಡ್ 34,800 ಸೆಪ್ಟೆಂಬರ್‌ನಲ್ಲೇ ಬಂದಿತ್ತು, ಆಡಿಟರ್ ಫೀಸು 1,500 ಹೋಗಿತ್ತು. ಬಳೆ ಮನೆಗೆ ಬಂದಿತ್ತು.

ಇದನ್ನು ಯಶಸ್ಸು ಎನ್ನಬಹುದಾ? ತಿಂಗಳಿಗೆ 45,500. ಬೆಂಗಳೂರಿನ ಐಟಿ ಹುಡುಗರು ನಕ್ಕಾರು. ನನಗೆ ಕಾಣುವುದು ಬೇರೆ. ಮೊದಲ ನಾಲ್ಕು ತಿಂಗಳು ಬಿಟ್ಟರೆ ಉಳಿದ ಎಂಟು ತಿಂಗಳಲ್ಲಿ 4,85,000 ಆಗಿದೆ. ಆದರೂ ಒಬ್ಬನೇ ಗಿರಾಕಿಯದು ಈಗಲೂ ಮೂರನೇ ಒಂದಕ್ಕಿಂತ ಜಾಸ್ತಿ. ಆ ಗಿರಾಕಿಯೂ ಈಗ ಮೊದಲ ಕರಡನ್ನು ಮಷಿನ್‌ನಿಂದಲೇ ಬರೆಸುತ್ತಿದ್ದಾರೆ. ವ್ಯತ್ಯಾಸ ಇಷ್ಟೇ, ತಿದ್ದಲು ಗಂಟೆಗೆ 400 ಕೊಡುತ್ತಾರೆ. ಸಾಲದ ಕಾಗದದಲ್ಲಿ ಒಂದು ‘ಇಲ್ಲ’ ತಪ್ಪಿದರೆ ಏನಾಗುತ್ತದೆ ಎಂಬುದು ಅವರಿಗೆ ಗೊತ್ತು. ಆರೋಗ್ಯ ವಿಮೆ ಇನ್ನೂ ಮಾಡಿಸಿಲ್ಲ. ಅದರ ಬಗ್ಗೆ ನಾನು ಪ್ರತಿ ಸಲ ಬೈಯುತ್ತೇನೆ, ಅವನು ಪ್ರತಿ ಸಲ “ಈ ತಿಂಗಳು ಮಾಡಿಸ್ತೆ” ಎನ್ನುತ್ತಾನೆ.

ಆ ಕೈತಪ್ಪಿದ 21,000ಕ್ಕೆ ವಿಳಂಬ ಮನ್ನಿಸಿ ಎಂಬ ಅರ್ಜಿ ಹಾಕಿದ್ದಾನೆ. ಉತ್ತರ ಬಂದಿಲ್ಲ. ಪ್ರತಿ ತಿಂಗಳು ಬಿಲ್ ಕಳಿಸುವ ದಿನ ಒಮ್ಮೆ ಪೋರ್ಟಲ್ ತೆರೆದು ನೋಡುತ್ತಾನೆ. ಲೆಕ್ಕದ ಹಾಳೆಯ ಕೊನೆಯಲ್ಲಿ ಅದಕ್ಕೊಂದು ಸಾಲು ಇಟ್ಟಿದ್ದಾನೆ, ಎದುರಿಗೆ ‘ಬಾಕಿ’ ಅಂತ ಬರೆದಿದ್ದಾನೆ.